ಬಾಹ್ಯಾಕಾಶದ ಖರ್ಚು, ನೆಲದ ಬಾಕಿ

(ಚೆನ್ನೈನ ಪೆರುಂಗುಡಿಯ ಕನ್ನಡಿಗರ ಸಭೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಪೆರುಂಗುಡಿಯಿಂದ ಉತ್ತರಕ್ಕೆ ನೇರ ಗೆರೆ ಎಳೆದರೆ ನೂರು ಕಿಲೋಮೀಟರಿಗೆ ಮೊದಲೇ ಶ್ರೀಹರಿಕೋಟಾ ಸಿಗುತ್ತದೆ. ಆಕಾಶ ತಿಳಿಯಾಗಿರುವ ಸಂಜೆ ಅಲ್ಲಿಂದ ರಾಕೆಟ್ ಎದ್ದರೆ ಚೆನ್ನೈನ ತಾರಸಿಗಳ ಮೇಲೆ ಜನ ಮಕ್ಕಳನ್ನು ಕರೆದುಕೊಂಡು ಬಂದು ನಿಂತು ನೋಡುತ್ತಾರೆ. ಪೆರುಂಗುಡಿಯ ತಾರಸಿಯಲ್ಲಿ ನಿಂತವರು ಪಶ್ಚಿಮಕ್ಕೆ ಮುಖ ತಿರುಗಿಸಿದರೆ ಕಾಣುವುದು ಪಳ್ಳಿಕರಣೈ ಜೌಗು, ಮತ್ತು ಆ ಜೌಗಿನಲ್ಲೇ ದಶಕಗಳ ಕಾಲ ಸುರಿದು ಬೆಳೆಸಿದ ಕಸದ ಗುಡ್ಡ. 2022ರ ಏಪ್ರಿಲ್‌ನಲ್ಲಿ ಆ ಗುಡ್ಡಕ್ಕೆ ಬೆಂಕಿ ಬಿದ್ದು ದಿನಗಟ್ಟಲೆ ಹೊಗೆಯಾಡಿತು. ಸುತ್ತಲಿನ ಮನೆಗಳವರು ಕಿಟಕಿ ಮುಚ್ಚಿಕೊಂಡು ಕೂತರು. ಚಂದ್ರನ ಮೇಲೆ ಗಾಡಿ ಇಳಿಸಬಲ್ಲ ದೇಶಕ್ಕೆ ಊರಿನ ಕಸ ವಿಲೇವಾರಿ ಮಾಡುವುದು ಬರುವುದಿಲ್ಲವೇ, ಆ ದುಡ್ಡನ್ನು ಇಲ್ಲಿಗೇ ಹಾಕಬಾರದಿತ್ತೇ ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ.

ಹಾಗೆ ಕೇಳುವವರನ್ನು ವಿಜ್ಞಾನವಿರೋಧಿ ಎಂದು ಬೈದು ಕೂರಿಸುವುದು ತಪ್ಪು. ತೆರಿಗೆ ಕಟ್ಟುವವರು ಲೆಕ್ಕ ಕೇಳುತ್ತಿದ್ದಾರೆ, ಅವರಿಗೆ ಲೆಕ್ಕವನ್ನೇ ಕೊಡಬೇಕು. ಈ ಉಪನ್ಯಾಸದ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಬಾಹ್ಯಾಕಾಶಕ್ಕೆ ದೇಶ ಮಾಡುತ್ತಿರುವ ಖರ್ಚು ಹೆಚ್ಚಲ್ಲ. ಹಾಗೆ ಖರ್ಚು ಮಾಡಿ ಪಡೆದದ್ದನ್ನು ನೆಲಕ್ಕೆ, ದೋಣಿಗೆ, ಬೀದಿಗೆ ಮುಟ್ಟಿಸುವ ಕೆಲಸಕ್ಕೆ ಮಾಡುತ್ತಿರುವ ಖರ್ಚು ಕಡಿಮೆ, ಆಗುತ್ತಿರುವ ತಡ ವಿಪರೀತ.

2024–25ರ ಕೇಂದ್ರ ಬಜೆಟ್ಟಿನ ಗಾತ್ರ ಸುಮಾರು 48.2 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಬಾಹ್ಯಾಕಾಶ ಇಲಾಖೆಯ ಪಾಲು ಸುಮಾರು 13,000 ಕೋಟಿ. ನೂರು ರೂಪಾಯಿಯಲ್ಲಿ 27 ಪೈಸೆ. ದೇಶದ ಜನಕ್ಕೆಲ್ಲ ಹಂಚಿದರೆ ತಲೆಗೆ ವರ್ಷಕ್ಕೆ ನೂರು ರೂಪಾಯಿಯೂ ಬೀಳುವುದಿಲ್ಲ. ಈ ಮೊತ್ತ ಎಷ್ಟು ದೊಡ್ಡದು ಎಂದು ತಿಳಿಯಲು ಪೆರುಂಗುಡಿಯವರು ದೂರ ಹೋಗಬೇಕಾಗಿಲ್ಲ. ಹಳೆ ಮಹಾಬಲಿಪುರಂ ರಸ್ತೆಯ ನಡುವೆ ಕಂಬ ಎಬ್ಬಿಸಿರುವ ಚೆನ್ನೈ ಮೆಟ್ರೋ ಎರಡನೆಯ ಹಂತದ ಅಂದಾಜು ವೆಚ್ಚ 63,246 ಕೋಟಿ, ಉದ್ದ ಸುಮಾರು 119 ಕಿಲೋಮೀಟರ್. ಕಿಲೋಮೀಟರಿಗೆ 530 ಕೋಟಿಯಷ್ಟಾಯಿತು. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ಚಂದ್ರಯಾನ-3ರ ವೆಚ್ಚ 615 ಕೋಟಿ. ಅಂದರೆ ಈ ರಸ್ತೆಯಲ್ಲಿ ಒಂದು ನಿಲ್ದಾಣದಿಂದ ಮುಂದಿನ ನಿಲ್ದಾಣಕ್ಕೆ ಹೋಗುವಷ್ಟು ಮೆಟ್ರೋ. ಮೆಟ್ರೋ ಬೇಡವೆಂದು ಇದರ ಅರ್ಥವಲ್ಲ, ಅದು ಈ ಊರಿಗೆ ತುರ್ತಾಗಿ ಬೇಕು. ಚಂದ್ರಯಾನವನ್ನು ನಿಲ್ಲಿಸಿದರೆ ಉಳಿಯುವ ಹಣದಲ್ಲಿ ದೇಶದ ಬಡತನ ನೀಗುತ್ತದೆ ಎಂಬ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ ಎಂಬುದಷ್ಟೇ ಇಲ್ಲಿನ ವಾದ. ಪೆರುಂಗುಡಿಯ ಕಸದ ಸಮಸ್ಯೆ ಹಣದ ಕೊರತೆಯಿಂದ ಹುಟ್ಟಿದ್ದಲ್ಲ. ಜೌಗು ಎಂದರೆ ಪಾಳುಭೂಮಿ ಎಂಬ ಹಳೆಯ ತಿಳಿವಳಿಕೆಯಿಂದ, ಮನೆಯಲ್ಲೇ ಕಸ ಬೇರ್ಪಡಿಸದ ಅಭ್ಯಾಸದಿಂದ ಹುಟ್ಟಿದ್ದು.

ಇಸ್ರೋ ಬಗ್ಗೆ ಕೇಳಿಬರುವ ಇನ್ನೊಂದು ಮಾತನ್ನೂ ಇಲ್ಲೇ ತೂಗಿ ನೋಡಬೇಕು. 450 ಕೋಟಿಯ ಮಂಗಳಯಾನ ಹಾಲಿವುಡ್ ಸಿನಿಮಾಕ್ಕಿಂತ ಅಗ್ಗ ಎಂಬ ಹೊಗಳಿಕೆ ಹತ್ತು ವರ್ಷಗಳಿಂದ ಸಾಗಿಬಂದಿದೆ. ಆದರೆ ಚಂದ್ರಯಾನ-3ರ 615 ಕೋಟಿಯ ಹಿಂದೆ, 2019ರ ಸೆಪ್ಟೆಂಬರ್ 7ರಂದು ಇಳಿಯುವಾಗ ಒಡೆದುಹೋದ ಚಂದ್ರಯಾನ-2ರ ವಿಕ್ರಮ್ ನೌಕೆ ಇತ್ತು. ಆ ಚಂದ್ರಯಾನ-2ಕ್ಕೆ ಆದದ್ದು 978 ಕೋಟಿ. ಅದು ಕಲಿಸಿದ ಪಾಠದ ಮೇಲೆ ಇದು ಇಳಿಯಿತು. ಎರಡನ್ನೂ ಕೂಡಿಸಿ ಹೇಳಿದರೇ ಲೆಕ್ಕ ಸರಿ. ಅಗ್ಗ ಎಂಬುದನ್ನೇ ದೊಡ್ಡಸ್ತಿಕೆ ಮಾಡಿಕೊಂಡರೆ, ಇನ್ನೊಂದು ಪರೀಕ್ಷೆ ಬೇಕಿತ್ತು ಎನ್ನುವ ಎಂಜಿನಿಯರ್ ಬಾಯಿ ಬಿಡಲು ಹಿಂಜರಿಯುವ ಕಾಲ ಬಂದೀತು.

ಲೆಕ್ಕಪತ್ರದಲ್ಲಿ ಕಾಣದ ಖರ್ಚುಗಳೂ ಇವೆ. ಶ್ರೀಹರಿಕೋಟಾ ದ್ವೀಪ ಉಡಾವಣಾ ಕೇಂದ್ರವಾಗುವ ಮೊದಲು ಯಾನಾದಿ ಬುಡಕಟ್ಟಿನವರ ನೆಲೆಯಾಗಿತ್ತು. ಅವರು ಜಾಗ ಬಿಡಬೇಕಾಯಿತು. ಇಂದಿಗೂ ರಾಕೆಟ್ ಹಾರುವ ದಿನ ಪುಲಿಕಾಟ್ ಕಡೆಯ ಮೀನುಗಾರರಿಗೆ ಕಡಲಿಗೆ ಇಳಿಯಬೇಡಿ ಎಂದು ಸೂಚನೆ ಹೋಗುತ್ತದೆ. ಹಾರಾಟ ಮುಂದಕ್ಕೆ ಹೋದರೆ ಸೂಚನೆಯೂ ಮುಂದಕ್ಕೆ. ದಿನದ ಸಂಪಾದನೆಯಲ್ಲಿ ಬದುಕುವವರಿಗೆ ಅದು ಸಣ್ಣ ವಿಷಯವಲ್ಲ. ತೂತ್ತುಕುಡಿ ಜಿಲ್ಲೆಯ ಕುಲಶೇಖರಪಟ್ಟಿಣದಲ್ಲಿ ಎರಡನೆಯ ಉಡಾವಣಾ ಕೇಂದ್ರಕ್ಕೆ 2024ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿದ್ದಿದೆ. ಅಲ್ಲಿನ ಮೀನುಗಾರರ ನಷ್ಟವನ್ನು ಯೋಜನೆಯ ವೆಚ್ಚದಲ್ಲೇ ಸೇರಿಸುವುದು ನ್ಯಾಯ.

ಈ ಖರ್ಚಿನಿಂದ ಬಂದದ್ದೇನು? ಕನ್ನಡಿಗರಿಗೆ ಇದರ ಉತ್ತರ ಮನೆಮಾತಿನಲ್ಲೇ ಸಿಗುತ್ತದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ದೂರದರ್ಶನ ತಲುಪಿಸುವ ಪ್ರಯೋಗ ನಡೆಯಿತು. ಅದರ ಹೆಸರು ಸೈಟ್. ಕರ್ನಾಟಕದಲ್ಲಿ ಅದಕ್ಕೆ ಆಯ್ದದ್ದು ಬೆಂಗಳೂರು, ಮೈಸೂರುಗಳನ್ನಲ್ಲ; ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಬೆಂಗಳೂರಿನಲ್ಲಿ ಟಿವಿ ಇಲ್ಲದ ಕಾಲದಲ್ಲಿ ಆ ಹಳ್ಳಿಗಳ ಶಾಲೆ, ಪಂಚಾಯಿತಿ ಕಟ್ಟೆಗಳ ಮುಂದೆ ಕೋಳಿಗೂಡಿನ ತಂತಿಜಾಲರಿಯಿಂದ ಮಾಡಿದ ಆಂಟೆನಾ ನಿಂತಿತು. ಕೃಷಿ, ಆರೋಗ್ಯ, ಶಾಲೆಯ ಪಾಠ ಕನ್ನಡದಲ್ಲಿ ಬಂದವು. ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. 1976ರ ಜುಲೈ 31ಕ್ಕೆ ಎರವಲಿನ ಅವಧಿ ಮುಗಿಯಿತು, ಉಪಗ್ರಹ ವಾಪಸು ಹೋಯಿತು. ಸ್ವಂತ ಉಪಗ್ರಹ ಇಲ್ಲದಿದ್ದರೆ ಏನಾಗುತ್ತದೆಂದು ಆ ಹಳ್ಳಿಗಳಿಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಾರದು.

ಅದಕ್ಕೆ ಮೂರೂವರೆ ತಿಂಗಳು ಹಿಂದೆ, 1975ರ ಏಪ್ರಿಲ್ 19ರಂದು, ಭಾರತದ ಮೊದಲ ಉಪಗ್ರಹ ಆರ್ಯಭಟ ಸೋವಿಯತ್ ರಾಕೆಟ್ಟಿನಲ್ಲಿ ಹಾರಿತ್ತು. ಅದನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ತಂಡದ ಮುಖ್ಯಸ್ಥರು ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್, ಜೊತೆಗಿದ್ದವರಲ್ಲಿ ಹೆಚ್ಚಿನವರು ಆಗಷ್ಟೇ ಕಾಲೇಜು ಮುಗಿಸಿ ಬಂದವರು. ಹಾರಿದ ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೆಟ್ಟು ಅದರ ವಿಜ್ಞಾನ ಉಪಕರಣಗಳು ನಿಂತವು. 1982ರಲ್ಲಿ ಹಾಸನದಲ್ಲಿ ನಿಯಂತ್ರಣ ಕೇಂದ್ರ ಆರಂಭವಾದಾಗ ಅದರ ಕೈಗೆ ಬಂದ ಮೊದಲ ಉಪಗ್ರಹ ಇನ್ಸಾಟ್-1ಎ ಐದೇ ತಿಂಗಳಲ್ಲಿ ಕೈಕೊಟ್ಟಿತು. ಮರುವರ್ಷದ ಇನ್ಸಾಟ್-1ಬಿ ನೆಲೆನಿಂತಿತು. ದೇಶದ ಟಿವಿ, ದೂರವಾಣಿ, ಹವಾಮಾನ ಚಿತ್ರ ಅದರ ಮೇಲೆ ನಡೆದವು. ಇಂದು ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಚೆನ್ನೈನ ಟಿವಿಗಳಲ್ಲಿ ಕಾಣುವ ಬಿಳಿ ಸುಳಿಯ ಚಿತ್ರ ತೆಗೆಯುವ ಇನ್ಸಾಟ್ ಉಪಗ್ರಹಗಳನ್ನು ಹಿಡಿದು ನಡೆಸುವವರು ಹಾಸನದಲ್ಲಿ ಕೂತಿದ್ದಾರೆ.

ಆ ಚಿತ್ರಕ್ಕೆ ಬೆಲೆ ಕಟ್ಟುವ ಒಂದು ದಾರಿ ಇದೆ. 1977ರ ನವೆಂಬರ್ 19ರಂದು ಆಂಧ್ರದ ದಿವಿಸೀಮೆಗೆ ಬಡಿದ ಚಂಡಮಾರುತದಲ್ಲಿ ಸತ್ತವರು ಸುಮಾರು ಹತ್ತು ಸಾವಿರ. 1999ರ ಅಕ್ಟೋಬರ್‌ನಲ್ಲಿ ಒಡಿಶಾದಲ್ಲಿ ಹೆಚ್ಚುಕಡಿಮೆ ಅಷ್ಟೇ ಜನ. 2013ರ ಅಕ್ಟೋಬರ್ 12ರಂದು ಅದೇ ಒಡಿಶಾ ತೀರಕ್ಕೆ ಫೈಲಿನ್ ಅಪ್ಪಳಿಸಿದಾಗ ಸತ್ತವರು ಐವತ್ತರ ಒಳಗೆ. ಗಾಳಿ ಬರುವ ಮೊದಲೇ ಹತ್ತು ಲಕ್ಷದಷ್ಟು ಜನರನ್ನು ಸ್ಥಳಾಂತರಿಸಲಾಗಿತ್ತು. ಎಲ್ಲವನ್ನೂ ಉಪಗ್ರಹದ ಖಾತೆಗೆ ಬರೆಯುವುದು ಸರಿಯಲ್ಲ; 1999ರ ಏಟಿನ ನಂತರ ಒಡಿಶಾ ಸರ್ಕಾರ ಕಟ್ಟಿದ ಆಶ್ರಯ ಕಟ್ಟಡಗಳು, ಹಳ್ಳಿ ಹಳ್ಳಿಗೆ ನೇಮಿಸಿದ ಸ್ವಯಂಸೇವಕರು, ಮೊಬೈಲ್ ಫೋನ್ ಇವೆಲ್ಲ ಸೇರಿವೆ. ಆದರೆ ಎಲ್ಲಿಂದ, ಯಾರನ್ನು, ಯಾವತ್ತು ಎಬ್ಬಿಸಬೇಕು ಎಂದು ನಾಲ್ಕು ದಿನ ಮೊದಲೇ ತಿಳಿಯದಿದ್ದರೆ ಆ ಕಟ್ಟಡಗಳು ಖಾಲಿ ಇರುತ್ತಿದ್ದವು. ಒಂದು ಚಂಡಮಾರುತದಲ್ಲಿ ಉಳಿದ ಸಾವಿರಾರು ಜೀವಗಳ ಮುಂದೆ ಇಸ್ರೋದ ಅರ್ಧ ಶತಮಾನದ ಬಜೆಟ್ಟನ್ನು ಇಟ್ಟರೂ ತಕ್ಕಡಿ ಜೀವಗಳ ಕಡೆಗೇ ವಾಲುತ್ತದೆ.

ಬಾಹ್ಯಾಕಾಶ ಬಿಟ್ಟು ಸಮುದ್ರವನ್ನು ಶೋಧಿಸಬಾರದೇ ಎನ್ನುವವರಿದ್ದಾರೆ. ಅವರಿಗೆ ಉತ್ತರ ಪೆರುಂಗುಡಿಯ ಮಗ್ಗುಲಲ್ಲೇ ಇದೆ. ಪಳ್ಳಿಕರಣೈನಲ್ಲಿರುವ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ, ಎಲ್ಲರ ಬಾಯಲ್ಲಿ ಎನ್‌ಐಒಟಿ, 1993ರಲ್ಲಿ ಹುಟ್ಟಿದ್ದು. ಬಂಗಾಳ ಕೊಲ್ಲಿಯಲ್ಲೂ ಅರಬ್ಬಿ ಸಮುದ್ರದಲ್ಲೂ ಲಂಗರು ಹಾಕಿ ತೇಲಬಿಟ್ಟ ಅದರ ಬೋಯ್‌ಗಳು ಗಾಳಿಯ ವೇಗ, ನೀರಿನ ಬಿಸಿ, ಅಲೆಯ ಎತ್ತರ ಅಳೆಯುತ್ತವೆ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ಸಮುದ್ರದ ತಳದಲ್ಲಿ ನೀರಿನ ಒತ್ತಡ ಅಳೆಯುವ ಸಾಧನಗಳನ್ನೂ ಇಳಿಸಲಾಯಿತು. ದಡದಿಂದ ನೂರಾರು ಕಿಲೋಮೀಟರ್ ಆಚೆ ಇರುವ ಆ ಬೋಯ್‌ಗಳು ಪಳ್ಳಿಕರಣೈನ ಕೋಣೆಗೆ ಸುದ್ದಿ ಮುಟ್ಟಿಸುವುದು ಉಪಗ್ರಹದ ಮೂಲಕವೇ. ಇದೇ ಸಂಸ್ಥೆ ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯಲು ಮತ್ಸ್ಯ-6000 ಎಂಬ ಜಲವಾಹನ ಕಟ್ಟುತ್ತಿದೆ. ಅದರಲ್ಲಿ ಮನುಷ್ಯರು ಕೂರುವ ಟೈಟಾನಿಯಂ ಗೋಳಕ್ಕೆ ಬೆಸುಗೆ ಹಾಕುವ ವಿದ್ಯೆ ಬಂದದ್ದು ಇಸ್ರೋದಿಂದ. ಆಳಕ್ಕೂ ಎತ್ತರಕ್ಕೂ ಒಂದೇ ಕಮ್ಮಾರಶಾಲೆ. ಒಂದನ್ನು ಮುಚ್ಚಿ ಇನ್ನೊಂದನ್ನು ಬೆಳೆಸುವ ಮಾತು ಹೊರಗಿನಿಂದ ನೋಡುವವರದು.

ಇಲ್ಲಿಂದ ಮುಂದಿನ ಮಾತು ಅಷ್ಟು ಹಿತವಾದದ್ದಲ್ಲ.

2015ರ ಆಗಸ್ಟ್ 27ರಂದು ಜಿಸ್ಯಾಟ್-6 ಎಂಬ ಉಪಗ್ರಹ ಶ್ರೀಹರಿಕೋಟಾದಿಂದ ಹಾರಿತು. ಆರು ಮೀಟರ್ ಅಗಲಕ್ಕೆ ಬಿಚ್ಚಿಕೊಳ್ಳುವ ಅದರ ಆಂಟೆನಾದ ವಿಶೇಷವೆಂದರೆ, ನೆಲದ ಮೇಲೆ ಕೈಯಲ್ಲಿ ಹಿಡಿಯುವಂಥ ಸಣ್ಣ ಸಾಧನವಿದ್ದರೂ ಅದರೊಡನೆ ಮಾತಾಡಬಹುದು. ಎರಡು ವರ್ಷ ಕಳೆದು 2017ರ ನವೆಂಬರ್ ಕೊನೆಯಲ್ಲಿ ಕನ್ಯಾಕುಮಾರಿಯ ಬಳಿ ಓಖಿ ಚಂಡಮಾರುತ ಕೆಲವೇ ಗಂಟೆಗಳಲ್ಲಿ ಬಲಿಯಿತು. ಉಪಗ್ರಹಗಳು ಅದನ್ನು ಕಂಡವು. ಎಚ್ಚರಿಕೆ ಹೊರಟಿತು. ಆದರೆ ವಾರಗಟ್ಟಲೆಯ ಮೀನುಗಾರಿಕೆಗೆ ಮೊದಲೇ ಆಳ ಸಮುದ್ರಕ್ಕೆ ಹೋಗಿದ್ದವರಿಗೆ ಅದನ್ನು ಮುಟ್ಟಿಸುವ ಸಾಧನ ದೋಣಿಗಳಲ್ಲಿ ಇರಲಿಲ್ಲ. ಮೊಬೈಲ್ ಸಿಗ್ನಲ್ ದಡದಿಂದ ಸ್ವಲ್ಪ ದೂರಕ್ಕೇ ಮುಗಿಯುತ್ತದೆ. ತಮಿಳುನಾಡು, ಕೇರಳದ ನೂರಾರು ಮೀನುಗಾರರು ಸತ್ತರು ಇಲ್ಲವೇ ಕಾಣೆಯಾದರು.

ಮರುವರ್ಷ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಎಂಬ ದೋಣಿ ಏಳು ಜನರೊಡನೆ ಸಂಪರ್ಕ ಕಳೆದುಕೊಂಡಿತು. ಉಡುಪಿ, ಉತ್ತರ ಕನ್ನಡದ ಆ ಮನೆಗಳವರು ತಿಂಗಳುಗಟ್ಟಲೆ ಕಾದರು, ಮೀನುಗಾರರು ಹೆದ್ದಾರಿ ತಡೆದು ಕೂತರು. ಮುಳುಗಿದ ದೋಣಿಯ ಅವಶೇಷ ಮಹಾರಾಷ್ಟ್ರದ ತೀರದಾಚೆ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ದೋಣಿಯಲ್ಲಿ ತಾನಿರುವ ಜಾಗವನ್ನು ಉಪಗ್ರಹಕ್ಕೆ ತಿಳಿಸುತ್ತಿರುವ ಒಂದು ಪೆಟ್ಟಿಗೆ ಇದ್ದಿದ್ದರೆ ಎಲ್ಲಿ ಹುಡುಕಬೇಕೆಂಬುದಾದರೂ ಬೇಗ ತಿಳಿಯುತ್ತಿತ್ತು.

ಒಂದು ಲಕ್ಷ ದೋಣಿಗಳಿಗೆ ಉಚಿತವಾಗಿ ಆ ಪೆಟ್ಟಿಗೆ, ಅಂದರೆ ಟ್ರಾನ್ಸ್‌ಪಾಂಡರ್, ಅಳವಡಿಸುವ ಕೇಂದ್ರದ ಯೋಜನೆಗೆ ಚಾಲನೆ ಸಿಕ್ಕಿದ್ದು 2024ರ ಆಗಸ್ಟ್ 30ರಂದು. ವೆಚ್ಚ 364 ಕೋಟಿ. ಬಳಸುವುದು ಅದೇ ಜಿಸ್ಯಾಟ್-6ನ್ನು. ಉಪಗ್ರಹ ಮೇಲೇರಿದ ಒಂಬತ್ತು ವರ್ಷಗಳ ನಂತರ ಅದರ ಪ್ರಯೋಜನ ದೋಣಿಗೆ ಇಳಿಯತೊಡಗಿತು. ನಡುವೆ, 2019ರಲ್ಲಿ, ಗಗನ್ ಎಂಬ ಉಪಗ್ರಹ ವ್ಯವಸ್ಥೆಯ ಮೂಲಕ ಎಚ್ಚರಿಕೆ ಕಳಿಸುವ ಜೆಮಿನಿ ಎಂಬ ಸಾಧನ ಬಂದಿತ್ತು; ಅದು ಸಂದೇಶ ತರುತ್ತಿತ್ತೇ ಹೊರತು ದೋಣಿಯಿಂದ ಒಯ್ಯುತ್ತಿರಲಿಲ್ಲ. ಚಂದ್ರಯಾನಕ್ಕೆ 615 ಕೋಟಿ ಹೆಚ್ಚಾಯಿತೇ ಎಂದು ವಾದ ಮಾಡುವವರು ಈ 364 ಕೋಟಿಯ ಕಡತ ಯಾಕೆ ಒಂಬತ್ತು ವರ್ಷ ನಡೆದುಬರಬೇಕಾಯಿತು ಎಂದು ಕೇಳಬೇಕು. ಪೆರುಂಗುಡಿಯಿಂದ ಕೂಗಳತೆಯಲ್ಲಿರುವ ಕೊಟ್ಟಿವಾಕ್ಕಂ, ಪಾಲವಾಕ್ಕಂ, ನೀಲಾಂಗರೈ ಕುಪ್ಪಂಗಳ, ಅಂದರೆ ಮೀನುಗಾರರ ಕೇರಿಗಳ, ಮನೆಗಳಲ್ಲಿ ಆ ಪ್ರಶ್ನೆಗೆ ಇರುವ ತೂಕ ಸಭೆಗಳಲ್ಲಿನ ವಾದಕ್ಕೆ ಇಲ್ಲ.

ಪಳ್ಳಿಕರಣೈ ಜೌಗಿನ ಕಥೆಯೂ ಇದೇ ಜಾತಿಯದು. 1960ರ ದಶಕದಲ್ಲಿ ಅದು ಐದು ಸಾವಿರ ಹೆಕ್ಟೇರಿಗೂ ಹೆಚ್ಚು ಹರಡಿತ್ತೆಂದು ಅಂದಾಜು. ದಕ್ಷಿಣ ಚೆನ್ನೈನ ಹತ್ತಾರು ಏರಿಗಳ, ಅಂದರೆ ಕೆರೆಗಳ, ಕೋಡಿ ನೀರು ಇಲ್ಲಿ ಬಂದು ನಿಂತು, ಒಕ್ಕಿಯಂ ಮಡುವಿನ ಮೂಲಕ ಬಕಿಂಗ್‌ಹ್ಯಾಮ್ ಕಾಲುವೆ ಸೇರಿ, ಕೋವಳಂ ಅಳಿವೆಯಲ್ಲಿ ಸಮುದ್ರಕ್ಕೆ ಹೋಗುತ್ತಿತ್ತು. 1988ರ ಮಾರ್ಚ್ 17ರಂದು ಮೇಲೇರಿದ ಐಆರ್‌ಎಸ್-1ಎ ಮೊದಲುಗೊಂಡು ಭಾರತದ ದೂರಸಂವೇದಿ ಉಪಗ್ರಹಗಳು ಈ ನೆಲದ ಮೇಲೆ ಹಾದುಹೋಗುತ್ತಲೇ ಇವೆ. ಜೌಗು ಅಂಚಿನಿಂದ ಸವೆದದ್ದು, ಕಸ ಒಂದು ಮೂಲೆಯಿಂದ ಹಬ್ಬಿದ್ದು, ರಸ್ತೆ ನಡುವೆ ಹಾದು ನೀರನ್ನು ಸೀಳಿದ್ದು, ರೈಲು ನಿಲ್ದಾಣವೂ ಕಚೇರಿ ಗೋಪುರಗಳೂ ಎದ್ದದ್ದು ಎಲ್ಲವೂ ವರ್ಷ ವರ್ಷದ ಚಿತ್ರಗಳಲ್ಲಿ ದಾಖಲಾಗಿವೆ. ನೋಡುವ ಕಣ್ಣು ಮೇಲಿತ್ತು. ಕೆಳಗೆ ಪರವಾನಗಿ ಕೊಡುವ ಮೇಜಿನ ಮೇಲೆ ಆ ಚಿತ್ರ ಇರಲಿಲ್ಲ, ಇದ್ದರೂ ಅದಕ್ಕೆ ಕಾನೂನಿನ ಬಲ ಇರಲಿಲ್ಲ.

2015ರ ಡಿಸೆಂಬರ್ 1ರಂದು ತಾಂಬರಂನಲ್ಲಿ ಒಂದೇ ದಿನಕ್ಕೆ 49 ಸೆಂಟಿಮೀಟರ್ ಮಳೆ ಸುರಿಯಿತು. 2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್ ಚಂಡಮಾರುತ ಬಂತು. ಎರಡು ಸಲವೂ ನೀರು ತನ್ನ ಹಳೆಯ ಜಾಗ ಹುಡುಕಿಕೊಂಡು ಬಂತು. ವೇಳಚೇರಿ, ಪಳ್ಳಿಕರಣೈ, ಪೆರುಂಗುಡಿಗಳಲ್ಲಿ ನೆಲಮಹಡಿ ಮುಳುಗಿತು. ಈ ಸಭೆಯಲ್ಲಿರುವ ಕೆಲವರ ಕಾರು, ಫ್ರಿಜ್ಜು, ಮಕ್ಕಳ ಪುಸ್ತಕಗಳೂ ಆ ನೀರಿನಲ್ಲಿದ್ದವು. ಆ ಎರಡು ಪ್ರವಾಹಗಳ ನಷ್ಟದಲ್ಲಿ ಎಷ್ಟು ಪಾಲು ಉಪಗ್ರಹದ ಮಾತು ಕೇಳದೆ ಕಟ್ಟಿದ್ದಕ್ಕೆ ತೆತ್ತ ದಂಡ ಎಂದು ಯಾರಾದರೂ ಲೆಕ್ಕ ಹಾಕಿದರೆ ಅದು ಬಹಳ ಉಪಯುಕ್ತ ಸಂಶೋಧನೆಯಾದೀತು.

ಆ ಮಾತನ್ನು ಕೇಳಿಸಿಕೊಂಡ ಉದಾಹರಣೆಯೂ ಇದೆ. ಇಸ್ರೋದ ಅಹಮದಾಬಾದ್ ಕೇಂದ್ರ ಉಪಗ್ರಹ ಚಿತ್ರಗಳಿಂದ ದೇಶದ ಜೌಗು, ಕೆರೆಗಳ ಅಟ್ಲಾಸ್ ತಯಾರಿಸಿತು. 2.25 ಹೆಕ್ಟೇರಿಗಿಂತ ದೊಡ್ಡವು 2,01,503 ಎಂದು ಅದರಲ್ಲಿ ಎಣಿಸಲಾಗಿತ್ತು. 2017ರಲ್ಲಿ ಸುಪ್ರೀಂ ಕೋರ್ಟ್ ಆ ಸಂಖ್ಯೆಯನ್ನೇ ಹಿಡಿದು ಅಷ್ಟನ್ನೂ ರಕ್ಷಿಸಬೇಕೆಂದಿತು. ಪಳ್ಳಿಕರಣೈನ ಉಳಿದ ಭಾಗದಲ್ಲಿ 1,247 ಹೆಕ್ಟೇರಿಗೆ 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಎಂಬ ರಾಮ್ಸಾರ್ ಮನ್ನಣೆ ಸಿಕ್ಕಿತು. 2025ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ, ಗಡಿ ಗುರುತಿಸಿ ಮುಗಿಯುವವರೆಗೆ ಅದರ ಸುತ್ತ ಒಂದು ಕಿಲೋಮೀಟರ್ ವ್ಯಾಪ್ತಿಯಲ್ಲಿ ಹೊಸ ಕಟ್ಟಡಗಳಿಗೆ ಅನುಮತಿ ಕೊಡಬೇಡಿ ಎಂದಿತು. ಬಹಳ ತಡವಾಗಿ, ಆದರೂ ಆಕಾಶದಿಂದ ಎಣಿಸಿದ್ದು ಕೊನೆಗೆ ನೆಲದ ಕಾನೂನಾಯಿತು.

ಹವಾಮಾನ, ಮೀನು, ಕೆರೆ ಸರಿ, ಚಂದ್ರನಿಂದ ಏನು ಎಂದು ಇಲ್ಲಿ ಯಾರಾದರೂ ಕೇಳಬಹುದು. ಚಂದ್ರಯಾನಕ್ಕೆ ಮಳೆಯ ಮುನ್ಸೂಚನೆಯ ಸಮರ್ಥನೆ ಕೊಡಲಾಗದು, ಕೊಡಬಾರದು. ಅದು ತಿಳಿವಳಿಕೆಗಾಗಿ ಮಾಡುವ ಖರ್ಚು. 2008ರಲ್ಲಿ ಹೋದ ಚಂದ್ರಯಾನ-1ರಲ್ಲಿದ್ದ ನಾಸಾದ ಉಪಕರಣ ಚಂದ್ರನ ಮಣ್ಣಿನಲ್ಲಿ ನೀರಿನ ಅಂಶದ ಗುರುತು ಕಂಡಿತು. ಚಂದ್ರ ಬರಿ ಒಣಗಲ್ಲು ಎಂಬ ಪಾಠ ಬದಲಾಯಿತು. ಚಂದ್ರಯಾನ-3 ದಕ್ಷಿಣ ಧ್ರುವದ ಕಡೆಯ ನೆಲಕ್ಕೆ ಉಷ್ಣಮಾಪಕ ಚುಚ್ಚಿ ನೋಡಿದಾಗ ಮೇಲ್ಮೈಯಲ್ಲಿ 50 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಕೇವಲ ಎಂಟು ಸೆಂಟಿಮೀಟರ್ ಕೆಳಗೆ ಸೊನ್ನೆಗಿಂತ ಹತ್ತು ಡಿಗ್ರಿಯಷ್ಟು ಕಡಿಮೆ. ಗಂಧಕ ಇರುವುದನ್ನು ಗುರುತಿಸಿದ ಅದರ ಲೇಸರ್ ಉಪಕರಣವನ್ನು ಮಾಡಿದ್ದು ಪೀಣ್ಯದ ಪ್ರಯೋಗಾಲಯ, ಆರ್ಯಭಟವನ್ನು ಕಟ್ಟಿದ ಜಾಗದಲ್ಲೇ ಈಗ ಇರುವ ಲಿಯೋಸ್. ಐದು ದಶಕ ಬಿಡದೆ ಕೈ ಪಳಗಿಸಿದ್ದರಿಂದ ಅದು ಸಾಧ್ಯವಾಯಿತು. ಕೆಲಸ ನಿಲ್ಲಿಸಿ ಹತ್ತು ವರ್ಷದ ನಂತರ ಮತ್ತೆ ಶುರುಮಾಡುತ್ತೇವೆಂದರೆ ಆ ಕೈಗಳು ಸಿಗುವುದಿಲ್ಲ.

ತಿಳಿವಳಿಕೆ ಯಾವಾಗ ಉಪಯೋಗಕ್ಕೆ ಬರುತ್ತದೆಂದು ಮೊದಲೇ ಹೇಳುವುದೂ ಕಷ್ಟ. ಸೂರ್ಯನನ್ನು ನೋಡಲು ಆದಿತ್ಯ-ಎಲ್1 ಹೋದದ್ದು 2023ರ ಸೆಪ್ಟೆಂಬರ್‌ನಲ್ಲಿ. ಅದರ ಮುಖ್ಯ ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಹೊಸಕೋಟೆಯಲ್ಲಿ ಜೋಡಿಸಿತು. 2024ರ ಮೇ ತಿಂಗಳಲ್ಲಿ ಎರಡು ದಶಕಗಳಲ್ಲೇ ಬಲವಾದ ಸೌರ ಬಿರುಗಾಳಿ ಭೂಮಿಗೆ ಬಡಿಯಿತು. ದೋಣಿಯ ಟ್ರಾನ್ಸ್‌ಪಾಂಡರ್ ಕೆಲಸ ಮಾಡಬೇಕಾದರೆ ಮೇಲಿನ ಉಪಗ್ರಹ ಅಂಥ ಬಿರುಗಾಳಿಯಲ್ಲಿ ಉಳಿಯಬೇಕು.

ಜ್ಞಾನ ಜನರದ್ದಾಗುವುದು ಹೇಗೆಂಬುದಕ್ಕೆ ಚೆನ್ನೈನಲ್ಲೇ ಒಂದು ಸಾಕ್ಷಿ ಇದೆ. ಚಂದ್ರಯಾನ-2ರ ವಿಕ್ರಮ್ ಬಿದ್ದ ಜಾಗ ಸಿಗದೆ ಎಲ್ಲರೂ ಹುಡುಕುತ್ತಿದ್ದಾಗ ನಾಸಾ ತನ್ನ ಚಂದ್ರಕಕ್ಷೆಯ ನೌಕೆ ತೆಗೆದ ಚಿತ್ರಗಳನ್ನು ಎಲ್ಲರಿಗೂ ತೆರೆದಿಟ್ಟಿತು. ಈ ಊರಿನ ಎಂಜಿನಿಯರ್ ಷಣ್ಮುಗ ಸುಬ್ರಮಣಿಯನ್ ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಪಕ್ಕಪಕ್ಕ ಇಟ್ಟುಕೊಂಡು ರಾತ್ರಿಗಳನ್ನು ಕಳೆದು ಒಂದು ಚುಕ್ಕೆ ಹಿಡಿದರು. 2019ರ ಡಿಸೆಂಬರ್ ಮೊದಲಲ್ಲಿ ನಾಸಾ ಅದು ವಿಕ್ರಮ್‌ನ ಚೂರೆಂದು ಒಪ್ಪಿ ಅವರ ಹೆಸರನ್ನು ಪ್ರಕಟಿಸಿತು. ಮಾಹಿತಿ ತೆರೆದಿದ್ದರಿಂದ ಖಗೋಳದ ಪದವಿಯಿಲ್ಲದ ಒಬ್ಬ ಎಂಜಿನಿಯರ್ ಮಾಡಿದ ಶೋಧ ಅದು.

ಅಪಾಯದ ವಿಷಯಕ್ಕೆ ಬಂದಾಗಲೂ ಈ ತೆರೆದಿಡುವ ಗುಣವೇ ಮುಖ್ಯವಾಗುತ್ತದೆ. ಭಾರತದಲ್ಲಿ ರಾಕೆಟ್ಟಿಗೆ ಜೀವ ತೆತ್ತವರು ಗಗನಯಾನಿಗಳಲ್ಲ. 2004ರ ಫೆಬ್ರುವರಿ 23ರಂದು ಶ್ರೀಹರಿಕೋಟಾದ ಘನ ಇಂಧನ ಘಟಕದಲ್ಲಿ ಬೆಂಕಿ ಹತ್ತಿ ಆರು ಜನ ಸತ್ತರು. ಅದಕ್ಕೆ ಒಂದು ವರ್ಷ ಹಿಂದೆ, 2003ರ ಫೆಬ್ರುವರಿ 1ರಂದು, ಕಲ್ಪನಾ ಚಾವ್ಲಾ ಮತ್ತು ಆರು ಸಂಗಾತಿಗಳು ಕೊಲಂಬಿಯಾ ನೌಕೆಯಲ್ಲಿ ಸುಟ್ಟುಹೋದರು. ಹಾರುವಾಗಲೇ ನೊರೆಯ ತುಂಡೊಂದು ಎಡ ರೆಕ್ಕೆಗೆ ಬಡಿದಿತ್ತು. ರೆಕ್ಕೆಯ ಚಿತ್ರ ತೆಗೆಸಿ ನೋಡೋಣವೆಂದ ಎಂಜಿನಿಯರುಗಳ ಕೋರಿಕೆಯನ್ನು ಮೇಲಿನವರು ಮುಂದುವರಿಸಲಿಲ್ಲ. ತನಿಖಾ ಮಂಡಳಿ ಏಳು ತಿಂಗಳೊಳಗೆ ವರದಿಯನ್ನು ಜಗತ್ತಿನ ಮುಂದಿಟ್ಟಿತು. ನೊರೆಯ ಜೊತೆಗೆ ನಾಸಾದೊಳಗಿನ ಕೆಲಸದ ರೀತಿಯೂ ಈ ಸಾವುಗಳಿಗೆ ಕಾರಣ ಎಂದು ಅದರಲ್ಲಿ ಬರೆದಿತ್ತು.

ಇಸ್ರೋ ಕೂಡ ಸೋಲನ್ನು ಬಿಡಿಸಿ ಹೇಳಿದ ಸಂಸ್ಥೆಯೇ. 2021ರ ಆಗಸ್ಟ್‌ನಲ್ಲಿ ಜಿಎಸ್‌ಎಲ್‌ವಿ ಸೋತಾಗ, ದ್ರವ ಜಲಜನಕದ ಟ್ಯಾಂಕಿನ ಒಂದು ಕವಾಟ ಸೋರಿ ಒತ್ತಡ ಇಳಿದಿತ್ತು ಎಂದು ಸಮಿತಿಯ ನಿರ್ಣಯವನ್ನು ಪ್ರಕಟಿಸಿತು. ಆದರೆ 2025ರ ಮೇ 18ರಂದು ಪಿಎಸ್‌ಎಲ್‌ವಿ-ಸಿ61ರ ಮೂರನೆಯ ಹಂತ ಕೈಕೊಟ್ಟು ಇಒಎಸ್-09 ಉಪಗ್ರಹ ನಷ್ಟವಾಯಿತು. ಅದು ಮೋಡ ಮುಚ್ಚಿದಾಗಲೂ, ಕತ್ತಲಲ್ಲೂ ನೆಲವನ್ನು ನೋಡಬಲ್ಲ ರಾಡಾರ್ ಉಪಗ್ರಹ, ಮಳೆಯಲ್ಲಿ ಮುಳುಗುವ ಊರುಗಳಿಗೆ ಬಹಳ ಬೇಕಾದದ್ದು. ಆ ಸೋಲಿನ ತನಿಖಾ ವರದಿ, 2026ರ ಜನವರಿ 12ರಂದು ಪಿಎಸ್‌ಎಲ್‌ವಿ-ಸಿ62 ಹಾರುವ ಹೊತ್ತಿಗೂ ಪ್ರಕಟವಾಗಿರಲಿಲ್ಲ. ಸಿ62 ಕೂಡ ಮೂರನೆಯ ಹಂತದಲ್ಲೇ ದಾರಿ ತಪ್ಪಿತು. ಅದರಲ್ಲಿ ಪುಟ್ಟ ಕಂಪನಿಗಳ ಹಲವು ಸಣ್ಣ ಉಪಗ್ರಹಗಳಿದ್ದವು. ಸೋಲುವುದು ಈ ಕೆಲಸದಲ್ಲಿ ಸಹಜ. 1979ರಲ್ಲಿ ಎಸ್‌ಎಲ್‌ವಿ ಬಿದ್ದಿತ್ತು, 1993ರಲ್ಲಿ ಮೊದಲ ಪಿಎಸ್‌ಎಲ್‌ವಿಯೂ ಬಿದ್ದಿತ್ತು. ಮುಚ್ಚಿಟ್ಟ ಸೋಲು ಬೇರೆ. ಅದರಿಂದ ಕಲಿಯಬೇಕಾದ ಕಾಲೇಜು, ಕಾರ್ಖಾನೆ, ಕಂಪನಿಗಳ ಕೈಗೆ ಏನೂ ಸಿಗುವುದಿಲ್ಲ.

ಇದು ಮುಖ್ಯ, ಯಾಕೆಂದರೆ ಮುಂದೆ ಇರುವುದು ಮನುಷ್ಯರನ್ನು ಕಳಿಸುವ ಗಗನಯಾನ. 2018ರಲ್ಲಿ ಅದಕ್ಕೆ ಒಪ್ಪಿದ ವೆಚ್ಚ 9,023 ಕೋಟಿ. ಬಾಹ್ಯಾಕಾಶ ನಿಲ್ದಾಣದ ಮೊದಲ ಘಟಕವನ್ನೂ ಸೇರಿಸಿದ ಮೇಲೆ 2024ರಲ್ಲಿ ಅದು 20,193 ಕೋಟಿಗೆ ಏರಿತು. ಆಯ್ಕೆಯಾದ ನಾಲ್ವರಲ್ಲಿ ಅಜಿತ್ ಕೃಷ್ಣನ್ ಚೆನ್ನೈನಲ್ಲೇ ಹುಟ್ಟಿದವರು, ತರಬೇತಿ ಬೆಂಗಳೂರಿನಲ್ಲಿ. ಹಿಂದಿರುಗುವಾಗ ಅವರಿರುವ ಕೋಶ ಸಮುದ್ರಕ್ಕೆ ಇಳಿಯಬೇಕು. ಮಾನವಸಹಿತ ಯಾನ ಕೊಡುವ ವಿಜ್ಞಾನ, ಅಷ್ಟೇ ದುಡ್ಡಿನಲ್ಲಿ ಯಂತ್ರಗಳು ಕೊಡುವ ವಿಜ್ಞಾನಕ್ಕಿಂತ ಕಡಿಮೆ. ಉಪಗ್ರಹ, ಯಂತ್ರಯಾನ, ಮಾನವಯಾನ ಎಂಬ ಮೂರು ಕಾರ್ಯಕ್ರಮಗಳನ್ನು ಒಂದೇ ಹೆಸರಿನಲ್ಲಿ ಕಟ್ಟಿ ಹೊಗಳುವುದನ್ನೂ ತೆಗಳುವುದನ್ನೂ ಅದಕ್ಕೇ ಬಿಡಬೇಕು. ಉಪಗ್ರಹಗಳ ಖರ್ಚಿನ ಬಗ್ಗೆ ಅನುಮಾನಕ್ಕೆ ಎಡೆಯೇ ಇಲ್ಲ. ಚಂದ್ರ, ಸೂರ್ಯ, ಮಂಗಳಗಳಿಗೆ ಯಂತ್ರ ಕಳಿಸುವ ಖರ್ಚು ಈ ದೇಶಕ್ಕೆ ಭಾರವಲ್ಲ, ಅದು ನಡೆಯಬೇಕು. ಮನುಷ್ಯರನ್ನು ಕಳಿಸುವುದು ಮಾತ್ರ ಷರತ್ತಿನ ಮೇಲೆ: ಯಾವ ಸಮಾರಂಭದ ದಿನಾಂಕವೂ ಪರೀಕ್ಷೆಯನ್ನು ಅವಸರಪಡಿಸಬಾರದು, ಪ್ರತಿ ಪರೀಕ್ಷೆಯ ಫಲಿತಾಂಶ, ಕೆಟ್ಟದ್ದೂ ಸೇರಿ, ಜನರಿಗೆ ಕಾಣಬೇಕು.

ಈ ಸಭೆಯಲ್ಲಿರುವ ಕನ್ನಡಿಗರಲ್ಲಿ ಬಹುಮಂದಿ ಈ ರಸ್ತೆಯ ಕಚೇರಿಗಳಲ್ಲಿ ದುಡಿಯುವವರು, ಇಲ್ಲೇ ಮನೆ ಮಾಡಬೇಕೆಂದಿರುವವರು. ಫ್ಲ್ಯಾಟಿಗೆ ಮುಂಗಡ ಕೊಡುವ ಮೊದಲು ಇಸ್ರೋದ ಭುವನ್ ಜಾಲತಾಣದಲ್ಲಿ ಆ ನೆಲದ ಚಿತ್ರವನ್ನು ತೆರೆದು ನೋಡಿ. ಅದನ್ನು ತೆಗೆದ ಉಪಗ್ರಹಕ್ಕೆ ನೀವಾಗಲೇ ದುಡ್ಡು ಕೊಟ್ಟಿದ್ದೀರಿ. ಮತ್ತು ನಿಮ್ಮ ಸಂಸದರಿಗೆ ಒಂದು ಪತ್ರ ಬರೆಯಿರಿ: ಗಗನಯಾನದಲ್ಲಿ ಮೊದಲ ಮನುಷ್ಯ ಹತ್ತುವುದಕ್ಕೆ ಮುನ್ನ ಸಿ61, ಸಿ62 ಸೋಲುಗಳ ವರದಿ ಪೂರ್ತಿಯಾಗಿ ಪ್ರಕಟವಾಗಲಿ, ಮತ್ತು ಈ ತೀರದ ಪ್ರತಿ ಕುಪ್ಪಂನಲ್ಲಿ ಎಷ್ಟು ದೋಣಿಗಳಿಗೆ ಟ್ರಾನ್ಸ್‌ಪಾಂಡರ್ ಬಂದಿದೆ, ಎಷ್ಟಕ್ಕೆ ಬಂದಿಲ್ಲ ಎಂಬ ಪಟ್ಟಿಯನ್ನು ಸರ್ಕಾರ ಕೊಡಲಿ.